ಹಸು, ಕರು ಮತ್ತು ಕಾಣದ ಹಗ್ಗ

"ಹೆಣ್ಣುಮಕ್ಕಳು ಶಾಲೆ ಕಡೆ ಮುಖ ಮಾಡಿದ ಮೇಲೆಯೇ ಮಳೆ ಕಡಿಮೆಯಾಗಿದ್ದು" ಎನ್ನುವ ಹಿರಿಯರು ನಮ್ಮ ಕಡೆಯ ಮದುವೆಮನೆಗಳಲ್ಲಿ ಈಗಲೂ ಸಿಗುತ್ತಾರೆ. ಊಟ ಮುಗಿದು ಎಲೆ ಅಡಿಕೆ ತಟ್ಟೆ ಬಂದಾಗ ಇಂಥ ಮಾತುಗಳೂ ಬರುತ್ತವೆ. ಸ್ವಲ್ಪ ಓದಿಕೊಂಡವರಾದರೆ ಅದೇ ಮಾತಿಗೆ ವಿದ್ಯೆಯ ಲೇಪ ಕೊಡುತ್ತಾರೆ. "ಹೆಂಗಸರು ಕೆಲಸಕ್ಕೆ ಹೊರಟ ಮೇಲೆ ವಿಚ್ಛೇದನ ಜಾಸ್ತಿಯಾಯಿತು, ಬೇಕಾದರೆ ಅಂಕಿ ಅಂಶ ನೋಡಿ" ಎನ್ನುತ್ತಾರೆ. ಅಂಕಿ ಅಂಶ ಎಂದ ಕೂಡಲೇ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. ಎರಡು ಗೆರೆಗಳು ಜೊತೆಜೊತೆಯಾಗಿ ಮೇಲಕ್ಕೆ ಹೋಗಿವೆ, ಇನ್ನೇನು ಬೇಕು ಸಾಕ್ಷಿಗೆ?

ಎರಡು ಗೆರೆಗಳು ಜೊತೆಯಾಗಿ ಹೋದ ಮಾತ್ರಕ್ಕೆ ಅವುಗಳಿಗೆ ಸಂಬಂಧವಿದೆಯೇ? ಇದ್ದರೆ ಅದನ್ನು ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಸರಿಯಾದ ಉತ್ತರ ಕಂಡುಕೊಳ್ಳಲು ದೊಡ್ಡ ದೊಡ್ಡ ಪಂಡಿತರಿಗೆ ಹೆಚ್ಚುಕಡಿಮೆ ಅರವತ್ತು ವರ್ಷ ಬೇಕಾಯಿತು. ಆ ಅರವತ್ತು ವರ್ಷದ ಕಥೆ ನನಗೆ ತಿಳಿದದ್ದು ನನ್ನ ಅಕ್ಕನ ಮಗಳಿಂದ. ಅವಳು ಅರ್ಥಶಾಸ್ತ್ರದ ಎಂ.ಎ.ಗೆ ಎರಡು ಮಾರುಕಟ್ಟೆಗಳ ಅಡಿಕೆ ಧಾರಣೆಯ ಮೇಲೆ ಪ್ರಬಂಧ ಬರೆಯುತ್ತಿದ್ದಳು. "ಚಿಕ್ಕಮ್ಮಾ, ನನ್ನ ಕನ್ನಡ ಸ್ವಲ್ಪ ತಿದ್ದಿಕೊಡು" ಎಂದು ಕಟ್ಟು ತಂದು ಮಡಿಲಿಗೆ ಹಾಕಿದಳು. ನಾನು ಸಮಾಜ ವಿಜ್ಞಾನದ ಟೀಚರು, ಬಿ.ಎ.ಯಲ್ಲಿ ಇತಿಹಾಸ ಓದಿದವಳು. ಪುಟಕ್ಕೆ ನಾಲ್ಕು ಸಲ 'ಕೋ-ಇಂಟಿಗ್ರೇಷನ್' ಎಂಬ ಪದ ಬರುತ್ತಿತ್ತು. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂದು ಅವಳು ಕೇಳಿದಳು. ಅದು ಏನು ಎಂದು ನಾನು ಕೇಳಿದೆ. ಹೀಗೆ ಶುರುವಾಯಿತು. ಕೊನೆಗೆ ನಾವಿಬ್ಬರೂ ಸೇರಿ ಇಟ್ಟ ಹೆಸರು 'ಜೊತೆನಡಿಗೆ'. ಅವಳ ಪ್ರಬಂಧದಲ್ಲಿ ಆ ಹೆಸರು ಉಳಿಯಲಿಲ್ಲ, ಅದು ಬೇರೆ ಮಾತು. ಇಲ್ಲಿ ಮಾತ್ರ ಉಳಿಸಿಕೊಳ್ಳುತ್ತೇನೆ.

ಕಥೆ ಇಂಗ್ಲೆಂಡಿನಲ್ಲಿ ಶುರುವಾಗುತ್ತದೆ. ಜಾರ್ಜ್ ಉಡ್ನಿ ಯೂಲ್ ಎಂಬ ಸಂಖ್ಯಾಶಾಸ್ತ್ರಜ್ಞ. ಈತನ ತಂದೆ ಭಾರತದಲ್ಲಿ ಅಧಿಕಾರಿಯಾಗಿ ದುಡಿದು ಹೈದರಾಬಾದಿನ ರೆಸಿಡೆಂಟ್ ಆಗಿದ್ದವರು. ಇಲ್ಲಿನ ಇಂಗ್ಲಿಷರ ಬಾಯಲ್ಲಿ ಸೇರಿಹೋದ ದೇಶೀ ಪದಗಳನ್ನೆಲ್ಲ ಕಲೆಹಾಕಿದ 'ಹಾಬ್ಸನ್-ಜಾಬ್ಸನ್' ನಿಘಂಟಿನ ಹೆನ್ರಿ ಯೂಲ್ ಈತನ ದೊಡ್ಡಪ್ಪ-ಚಿಕ್ಕಪ್ಪಂದಿರಲ್ಲಿ ಒಬ್ಬ. ಇರಲಿ. ಯೂಲ್ 1926ರಲ್ಲಿ ಒಂದು ಲೇಖನ ಪ್ರಕಟಿಸಿದರು. ಕಾಲಕ್ರಮದ ಲೆಕ್ಕಗಳ ನಡುವೆ ಒಮ್ಮೊಮ್ಮೆ ಅರ್ಥವಿಲ್ಲದ ಸಂಬಂಧಗಳು ಏಕೆ ಕಾಣಿಸಿಕೊಳ್ಳುತ್ತವೆ ಎಂಬುದೇ ಅದರ ವಿಷಯ. ಉದಾಹರಣೆಗೆ ಅವರು ಆರಿಸಿಕೊಂಡದ್ದು ಮದುವೆ ಮತ್ತು ಸಾವು. 1866ರಿಂದ 1911ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಡೆದ ಮದುವೆಗಳಲ್ಲಿ ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ನಡೆದವು ಎಷ್ಟು ಪಾಲು ಎಂಬುದು ಒಂದು ಗೆರೆ. ಅದೇ ವರ್ಷಗಳ ಸಾವಿನ ಪ್ರಮಾಣ ಇನ್ನೊಂದು. ಎರಡೂ ಇಳಿಯುತ್ತಾ ಬಂದಿದ್ದವು. ಅವುಗಳ ನಡುವಿನ ಸಂಬಂಧವನ್ನು ಲೆಕ್ಕ ಹಾಕಿದರೆ 0.95 ಬರುತ್ತದೆ. ಪೂರ್ಣ ಸಂಬಂಧಕ್ಕೆ 1 ಅಂಕ ಎಂದಿಟ್ಟುಕೊಂಡರೆ ಇದು ಡಿಸ್ಟಿಂಕ್ಷನ್‌ಗಿಂತಲೂ ಮೇಲೆ!

ಹಾಗಾದರೆ ಚರ್ಚಿನಲ್ಲಿ ಮದುವೆಯಾಗುವುದನ್ನು ಪೂರ್ತಿ ನಿಲ್ಲಿಸಿದರೆ ಜನ ಸಾಯುವುದೇ ಇಲ್ಲವೇ? ಯೂಲ್ ತಮಾಷೆಯಾಗಿಯೇ ಬರೆಯುತ್ತಾರೆ. ಸ್ವಲ್ಪ ಜಾಣತನ, ಸ್ವಲ್ಪ ಮನಸ್ಸು ಇದ್ದರೆ ಯಾವುದಕ್ಕೆ ಬೇಕಾದರೂ ಕಾರಣ ಕಟ್ಟಬಹುದು. ವಿಜ್ಞಾನದ ಬೆಳಕು ಹರಡಿದ್ದರಿಂದ ಚರ್ಚಿನ ಮದುವೆ ಕಡಿಮೆಯಾಯಿತು, ಅದೇ ವಿಜ್ಞಾನದಿಂದ ಸಾವೂ ಕಡಿಮೆಯಾಯಿತು ಎಂದು ವಾದಿಸುವವರು ಹುಟ್ಟಿಕೊಳ್ಳಬಹುದು ಎನ್ನುವುದು ಅವರ ಮಾತಿನ ತಾತ್ಪರ್ಯ. ನಮ್ಮ ಮದುವೆಮನೆಯ ಹಿರಿಯರನ್ನು ಅವರು ನೋಡಿರಲಿಲ್ಲ, ಆದರೆ ಬಲ್ಲವರಾಗಿದ್ದರು.

ಇಲ್ಲಿ ತೊಡಕು ಎಲ್ಲಿದೆ? ಮೈಯ ಶಾಖವನ್ನು ನೆನಪು ಮಾಡಿಕೊಳ್ಳಿ. ಜ್ವರ ಬಂದರೆ ಏರುತ್ತದೆ, ಬಿಟ್ಟರೆ ಇಳಿದು ಮತ್ತೆ 98.6ರ ಹತ್ತಿರ ಬಂದು ನಿಲ್ಲುತ್ತದೆ. ಅದಕ್ಕೊಂದು ಮನೆ ಇದೆ. ಆದರೆ ಪೇಟೆಯ ಬೆಲೆ ಹಾಗಲ್ಲ. ಇವತ್ತಿನ ಬೆಲೆ ಎಂದರೆ ನಿನ್ನೆಯ ಬೆಲೆಗೆ ಬಿದ್ದ ಒಂದು ಹೊಸ ತಳ್ಳು. ನಾಳೆಯದು ಅದರ ಮೇಲೆ ಇನ್ನೊಂದು ತಳ್ಳು. ತಳ್ಳಿದ್ದನ್ನು ಅದು ಮರೆಯುವುದಿಲ್ಲ, ಹಿಂದಕ್ಕೆ ಬರಬೇಕೆಂಬ ಹಟವೂ ಅದಕ್ಕಿಲ್ಲ. ಇಂಥದ್ದನ್ನು ಅಲೆಮಾರಿ ನಡಿಗೆ ಎನ್ನೋಣ. ಇಂಗ್ಲಿಷಿನ ಈ ಹೆಸರನ್ನು ರೂಢಿಗೆ ತಂದದ್ದು ಕಾರ್ಲ್ ಪಿಯರ್ಸನ್, 1905ರಲ್ಲಿ. ಬಯಲಿನಲ್ಲಿ ಬಿಟ್ಟ ಕುಡುಕನೊಬ್ಬ ಹೆಜ್ಜೆಗೊಂದು ದಿಕ್ಕಿಗೆ ತಿರುಗುತ್ತಾ ಹೋದರೆ ಎಲ್ಲಿ ಸಿಕ್ಕಾನು ಎಂಬ ಚರ್ಚೆ ಅದು. ಎರಡು ಅಲೆಮಾರಿಗಳು ಒಬ್ಬರಿಗೊಬ್ಬರು ಗೊತ್ತೇ ಇಲ್ಲದೆ ಒಂದೇ ಕಡೆಗೆ ಅಲೆಯುತ್ತಾ ಹೋದರೆ ದೂರದಿಂದ ನೋಡಿದವರಿಗೆ ಜೋಡಿಯಂತೆ ಕಾಣುತ್ತಾರೆ.

ಯೂಲ್ ಹೇಳಿದ್ದನ್ನು ಜನ ಓದಿದರು, ತಲೆದೂಗಿದರು, ಆಮೇಲೆ ಮರೆತರು. ಐವತ್ತು ವರ್ಷಗಳ ಕಾಲ ಅರ್ಥಶಾಸ್ತ್ರಜ್ಞರು ಗೆರೆಗೆ ಗೆರೆ ಹೊಂದಿಸುತ್ತಲೇ ಇದ್ದರು. ಆಗ ಬಂದವರು ಕ್ಲೈವ್ ಗ್ರೇಂಜರ್.

ಗ್ರೇಂಜರ್ ಕಥೆಯನ್ನು ನಾನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಏಕೆಂದರೆ ಅದರಲ್ಲಿ ಶಾಲೆ ಬರುತ್ತದೆ. ಅವರು ಹುಟ್ಟಿದ್ದು 1934ರಲ್ಲಿ, ವೇಲ್ಸ್‌ನ ಸ್ವಾನ್ಸೀ ಎಂಬಲ್ಲಿ. ಯುದ್ಧ ಶುರುವಾಗಿ ತಂದೆ ವಾಯುಪಡೆಗೆ ಸೇರಿದಾಗ ತಾಯಿ ಮಗನನ್ನು ಕರೆದುಕೊಂಡು ಕೇಂಬ್ರಿಡ್ಜಿಗೆ ಬಂದರು. ಅಲ್ಲಿನ ಶಿಕ್ಷಕರೊಬ್ಬರು ಆ ತಾಯಿಗೆ, ನಿಮ್ಮ ಮಗ ಮುಂದೆ ಬರುವವನಲ್ಲ ಎಂದು ಹೇಳಿಬಿಟ್ಟರಂತೆ. ನೊಬೆಲ್ ಬಹುಮಾನ ಬಂದ ಮೇಲೆ ಬರೆದ ಆತ್ಮವೃತ್ತಾಂತದಲ್ಲಿ ಗ್ರೇಂಜರ್ ಇದನ್ನು ನೆನೆಸಿಕೊಂಡು, ಸಾಲದಷ್ಟು ಮಾಹಿತಿ ಇಟ್ಟುಕೊಂಡು ದೂರದ ಭವಿಷ್ಯ ಹೇಳುವುದು ಎಷ್ಟು ಕಷ್ಟ ನೋಡಿ ಎಂದು ನಗುತ್ತಾರೆ. ಅವರಿಗೆ ಸ್ವಲ್ಪ ಉಗ್ಗೂ ಇತ್ತು. ಪ್ರೌಢಶಾಲೆಯಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಮುಂದೆ ಏನು ಓದುತ್ತೀಯ ಎಂದು ಕೇಳುವಾಗ ಹುಡುಗನಿಗೆ ಹವಾಮಾನ ಶಾಸ್ತ್ರ ಎನ್ನಬೇಕೆಂಬ ಆಸೆ. 'ಮೀಟಿಯರಾಲಜಿ' ಎಂಬ ಪದ ನಾಲಗೆಗೆ ಬರಲೇ ಇಲ್ಲ. 'ಸ್ಟ್ಯಾಟಿಸ್ಟಿಕ್ಸ್' ಬಂತು. ಅದನ್ನೇ ಹೇಳಿ ಕುಳಿತುಕೊಂಡರು, ಬದುಕು ಆ ಕಡೆಗೇ ತಿರುಗಿತು. ಆ ಪದವೂ ಉಗ್ಗುವ ನಾಲಗೆಗೆ ಸುಲಭದ್ದಲ್ಲ ಎನ್ನುವುದು ನನ್ನ ಅನಿಸಿಕೆ. ತರಗತಿಯಲ್ಲಿ ನಿಂತ ಮಗುವಿನ ಬಾಯಿಂದ ಬಂದ ಪದ ಯಾವುದು, ಬಾರದೆ ಉಳಿದದ್ದು ಯಾವುದು ಎಂದು ನಮ್ಮಲ್ಲಿ ಯಾರು ಲೆಕ್ಕ ಇಟ್ಟಿದ್ದಾರೆ?

ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಗ್ರೇಂಜರ್ ಮತ್ತು ಪಾಲ್ ನ್ಯೂಬೋಲ್ಡ್ ಸೇರಿ ಒಂದು ಪ್ರಯೋಗ ಮಾಡಿದರು. ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ ಅಲೆಮಾರಿ ಗೆರೆಗಳನ್ನು ಕಂಪ್ಯೂಟರಿನಲ್ಲಿ ತಾವೇ ಹುಟ್ಟಿಸಿದರು. ಸಂಬಂಧ ಇಲ್ಲ ಎಂಬುದು ಹುಟ್ಟಿಸಿದವರಿಗೇ ಗೊತ್ತಲ್ಲ! ಆಮೇಲೆ ಅರ್ಥಶಾಸ್ತ್ರಜ್ಞರು ದಿನಾ ಬಳಸುವ ಪರೀಕ್ಷೆಗೆ ಅವನ್ನು ಒಡ್ಡಿದರು. ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಸಲ "ಸಂಬಂಧ ಇದೆ, ಖಂಡಿತ ಇದೆ" ಎಂಬ ಉತ್ತರ ಬಂತು. 1974ರಲ್ಲಿ ಇದು ಅಚ್ಚಾದಾಗ ಎಷ್ಟು ಜನರ ಪ್ರಬಂಧಗಳು, ಎಷ್ಟು ಸರ್ಕಾರಿ ವರದಿಗಳು ಒಳಗೊಳಗೇ ನಡುಗಿರಬೇಕು! ಆ ವರ್ಷವೇ ಗ್ರೇಂಜರ್ ಅಮೆರಿಕದ ಸ್ಯಾನ್ ಡಿಯಾಗೋಕ್ಕೆ ಹೋಗಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ ಸೇರಿದರು. ಮರುವರ್ಷ ಭೌತಶಾಸ್ತ್ರದಿಂದ ಅರ್ಥಶಾಸ್ತ್ರಕ್ಕೆ ಬಂದ ರಾಬರ್ಟ್ ಎಂಗಲ್ ಅಲ್ಲಿಗೇ ಬಂದರು.

ಮಳೆಯ ವಿಷಯಕ್ಕೆ ಬರುತ್ತೇನೆ. ಲಂಡನ್ನಿನ ಪ್ರೊಫೆಸರ್ ಡೇವಿಡ್ ಹೆಂಡ್ರಿ 1980ರಲ್ಲಿ ಪ್ರಕಟಿಸಿದ ಒಂದು ಉಪನ್ಯಾಸದಲ್ಲಿ, ಬ್ರಿಟನ್ನಿನ ಬೆಲೆಗಳು ಏಕೆ ಏರಿದವು ಎಂಬುದಕ್ಕೆ ಹೊಸ ಸಿದ್ಧಾಂತ ಮಂಡಿಸಿದರು. ಚಲಾವಣೆಯ ಹಣಕ್ಕಿಂತ ಚೆನ್ನಾಗಿ ಬೆಲೆಯನ್ನು ವಿವರಿಸುವ ಒಂದು ಅಂಶ ತಮಗೆ ಸಿಕ್ಕಿದೆ ಎಂದರು. ಗೆರೆಗಳು ಒಂದರ ಮೇಲೊಂದು ಕೂತಂತೆ ಹೊಂದಿದ್ದವು. ಆ ಅಂಶ ಯಾವುದೆಂದರೆ, ಬ್ರಿಟನ್ನಿನಲ್ಲಿ ಬಿದ್ದ ಮಳೆಯನ್ನು ಕೂಡಿಸುತ್ತಾ ಹೋದ ಒಟ್ಟು ಮೊತ್ತ! ಕೂಡಿಸುತ್ತಾ ಹೋದರೆ ಯಾವುದಾದರೂ ಏರಲೇಬೇಕು. ಬೆಲೆಯೂ ಏರಿತ್ತು. ಹೆಣ್ಣುಮಕ್ಕಳ ಶಾಲೆಗೂ ಮಳೆಗೂ ಗಂಟು ಹಾಕುವವರ ಮುಂದೆ ಇಡಬೇಕಾದ ಲೆಕ್ಕ ಇದು.

ಇಷ್ಟು ತಿಳಿದ ಮೇಲೆ ಬುದ್ಧಿವಂತರು ಒಂದು ಉಪಾಯ ಮಾಡಿದ್ದರು. ಬೆಲೆಯನ್ನು ಬಿಟ್ಟು ಬೆಲೆಯ ಏರಿಳಿತವನ್ನು ಮಾತ್ರ ನೋಡೋಣ; ಈ ವರ್ಷ ಎಷ್ಟು ಹೆಚ್ಚಿತು, ಕಳೆದ ವರ್ಷ ಎಷ್ಟು ಹೆಚ್ಚಿತು, ಅಷ್ಟೇ. ಆಗ ಸುಳ್ಳು ಸಂಬಂಧಗಳು ಉದುರಿಹೋಗುತ್ತವೆ. ನಿಜ, ಆದರೆ ನಿಜವಾದ ಸಂಬಂಧಗಳೂ ಉದುರಿಹೋಗುತ್ತವೆ. ಸೊಸೆ ಇವತ್ತು ಎಷ್ಟು ಹೆಜ್ಜೆ ನಡೆದಳು ಎಂದು ಮಾತ್ರ ಬರೆದಿಟ್ಟು, ತವರು ಯಾವ ಕಡೆಗಿದೆ ಎಂಬುದನ್ನೇ ಬಿಟ್ಟ ಹಾಗೆ. ದೀರ್ಘಕಾಲದ ಬಾಂಧವ್ಯ ಲೆಕ್ಕದಿಂದಲೇ ಮಾಯ. ಹೆಂಡ್ರಿಯ ಕಡೆಯವರಿಗೆ ಇದು ಒಪ್ಪಿಗೆಯಾಗಿರಲಿಲ್ಲ. ಹೆಂಡ್ರಿಯ ಗುರು ಡೆನಿಸ್ ಸಾರ್ಗನ್ 1964ರಲ್ಲಿ ಬ್ರಿಟನ್ನಿನ ಕೂಲಿ ಮತ್ತು ಬೆಲೆಗಳ ಬಗ್ಗೆ ಬರೆಯುವಾಗಲೇ, ಎರಡರ ನಡುವೆ ಬಿದ್ದ ಅಂತರ ಮುಂದಿನ ಹೆಜ್ಜೆಯನ್ನು ತಿದ್ದುತ್ತದೆ ಎಂಬ ವಿಚಾರವನ್ನು ಲೆಕ್ಕದೊಳಗೆ ತಂದಿದ್ದರು.

ಹೆಂಡ್ರಿ ಒಮ್ಮೆ ಗ್ರೇಂಜರ್‌ಗೆ ಹೇಳಿದರು: ಎರಡು ಅಲೆಮಾರಿ ಗೆರೆಗಳಿದ್ದರೂ ಅವುಗಳ ನಡುವಿನ ವ್ಯತ್ಯಾಸ ಅಲೆಮಾರಿಯಾಗದೆ ಇರಬಹುದು. ಗ್ರೇಂಜರ್ ಒಪ್ಪಲಿಲ್ಲ, ಅದು ತಪ್ಪೆಂದು ಸಾಧಿಸಿ ತೋರಿಸುತ್ತೇನೆ ಎಂದರು. ಸಾಧಿಸಲು ಕುಳಿತರು. ಸಾಧಿತವಾದದ್ದು ಹೆಂಡ್ರಿ ಹೇಳಿದ್ದೇ ಸರಿ ಎಂದು. ಇದನ್ನು ಗ್ರೇಂಜರ್ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಯಾವ ಸಂಕೋಚವೂ ಇಲ್ಲದೆ ಹೇಳಿಕೊಂಡಿದ್ದಾರೆ. ವಾದದಲ್ಲಿ ಸೋತು ಅದರಿಂದಲೇ ನೊಬೆಲ್ ಪಡೆದವರು ಎಷ್ಟು ಮಂದಿ ಇದ್ದಾರು! 1981ರಲ್ಲಿ ಅವರು ಮೊದಲ ಸಲ ಈ ವಿಚಾರ ಬರೆದರು. 1987ರಲ್ಲಿ ಎಂಗಲ್ ಜೊತೆ ಸೇರಿ ಬರೆದ ಲೇಖನ ಜಗತ್ಪ್ರಸಿದ್ಧವಾಯಿತು. 2003ರಲ್ಲಿ ಇಬ್ಬರಿಗೂ ನೊಬೆಲ್ ಹಂಚಿಕೆಯಾಯಿತು. ಗ್ರೇಂಜರ್‌ಗೆ ಜೊತೆನಡಿಗೆಗಾಗಿ, ಎಂಗಲ್‌ಗೆ ಇನ್ನೊಂದು ಕೆಲಸಕ್ಕಾಗಿ. 2009ರಲ್ಲಿ ಗ್ರೇಂಜರ್ ತೀರಿಕೊಂಡರು.

ಈ ಜೊತೆನಡಿಗೆಯನ್ನು ಸುಲಭವಾಗಿ ತಿಳಿಸಲು ಮೈಕೇಲ್ ಮರ್ರೆ ಎಂಬ ಅಮೆರಿಕದ ಪ್ರಾಧ್ಯಾಪಕರು 1994ರಲ್ಲಿ ಕುಡುಕಿ ಮತ್ತು ಅವಳ ನಾಯಿಯ ಕಥೆ ಕಟ್ಟಿದರು. 1905ರಲ್ಲಿ ಗಂಡಸಾಗಿದ್ದ ಕುಡುಕ 1994ರ ಹೊತ್ತಿಗೆ ಹೆಂಗಸಾಗಿದ್ದು ಹೇಗೋ, ಸಮಾನತೆ ಮೊದಲು ಇಂಥಲ್ಲೇ ಬರುತ್ತದೆ. ನಮಗೆ ಅದು ಬೇಡ. ಹಸು ಮತ್ತು ಕರುವನ್ನು ಇಟ್ಟುಕೊಳ್ಳೋಣ. ಗೋಮಾಳದಲ್ಲಿ ಹಸು ಮೇಯುತ್ತಾ ಹೊರಟಿದೆ. ಹುಲ್ಲು ಕಂಡ ಕಡೆ ಹೋಗುತ್ತದೆ, ಸಂಜೆಗೆ ಎಲ್ಲಿರುತ್ತದೆ ಎಂದು ಯಾರೂ ಹೇಳಲಾರರು. ಕರುವೂ ಅಷ್ಟೇ, ಕುಣಿಯುತ್ತಾ ಎತ್ತಲೋ ಹೋಗುತ್ತದೆ. ಒಂದೊಂದನ್ನೇ ನೋಡಿದರೆ ಎರಡೂ ಅಲೆಮಾರಿಗಳೇ. ಆದರೆ ಕರು ತುಂಬ ದೂರ ಹೋಯಿತೆಂದರೆ ಹಸು ತಲೆಯೆತ್ತಿ ಅಂಬಾ ಎನ್ನುತ್ತದೆ, ನಾಲ್ಕು ಹೆಜ್ಜೆ ಆ ಕಡೆ ಹಾಕುತ್ತದೆ. ಕರು ಕಿವಿ ನಿಮಿರಿಸಿ ಈ ಕಡೆ ಓಡಿ ಬರುತ್ತದೆ. ಹಗ್ಗ ಇಲ್ಲ, ಗೂಟ ಇಲ್ಲ. ಆದರೂ ಅಂತರ ಮಿತಿ ಮೀರುವುದಿಲ್ಲ. ಹಸು ಎಲ್ಲಿದೆ ಎಂದು ಹೇಳಲಾಗದಿದ್ದರೂ, ಹಸು ಸಿಕ್ಕ ಕಡೆ ಕರುವೂ ಸಿಗುತ್ತದೆ ಎಂದು ಧೈರ್ಯವಾಗಿ ಹೇಳಬಹುದು.

ಹೀಗಾಗಿ ಪರೀಕ್ಷೆ ಮಾಡಬೇಕಾದದ್ದು ಹಸುವನ್ನೂ ಅಲ್ಲ, ಕರುವನ್ನೂ ಅಲ್ಲ, ಅವುಗಳ ನಡುವಿನ ಅಂತರವನ್ನು. ಮೊದಲು ಎರಡು ಗೆರೆಗಳ ನಡುವೆ ದೀರ್ಘಕಾಲದಲ್ಲಿ ಯಾವ ಪ್ರಮಾಣ ಕಾಣುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಆ ಪ್ರಮಾಣದಿಂದ ಪ್ರತಿ ವರ್ಷ, ಪ್ರತಿ ತಿಂಗಳು ಎಷ್ಟು ಆಚೀಚೆಯಾಯಿತು ಎಂದು ಬರೆದುಕೊಳ್ಳುತ್ತಾರೆ. ಆ ಆಚೀಚೆಯೇ ಅಲೆಮಾರಿಯಾಗಿ ಹೊರಟುಹೋದರೆ ಸಂಬಂಧ ಸುಳ್ಳು. ಅದು ಮತ್ತೆ ಮತ್ತೆ ಮನೆಗೆ ಬಂದರೆ ಸಂಬಂಧ ನಿಜ. ಬಂದಿತೋ ಇಲ್ಲವೋ ಎಂದು ತೂಗಲು ಡೇವಿಡ್ ಡಿಕಿ ಮತ್ತು ವೇಯ್ನ್ ಫುಲ್ಲರ್ 1979ರಲ್ಲಿ ಕೊಟ್ಟ ತಕ್ಕಡಿ ಇದೆ. ಜೊತೆನಡಿಗೆಗೆ ಅದರ ಬೊಟ್ಟುಗಳನ್ನು ಬೇರೆಯಾಗಿಯೇ ತಯಾರಿಸಬೇಕಾಯಿತು. ಕೊನೆಯ ಪ್ರಶ್ನೆ, ಅಂತರ ಬಿದ್ದಾಗ ತಿದ್ದಿಕೊಳ್ಳುವವರು ಯಾರು, ಹಸುವೋ ಕರುವೋ? ಎಷ್ಟು ಬೇಗ? ನನ್ನ ಮಟ್ಟಿಗೆ ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು.

ಎರಡಕ್ಕಿಂತ ಹೆಚ್ಚು ದನಗಳಿದ್ದರೆ ಏನು ಮಾಡುವುದು? ಎಷ್ಟು ಕಾಣದ ಹಗ್ಗಗಳಿವೆ ಎಂದು ಒಟ್ಟಿಗೇ ಎಣಿಸುವ ದಾರಿಯನ್ನು ಡೆನ್ಮಾರ್ಕಿನ ಸೋರೆನ್ ಯೋಹಾನ್ಸೆನ್ 1988ರಲ್ಲಿ ತೋರಿಸಿದರು. ಅದನ್ನು ನಿಜವಾದ ದೇಶಗಳ ಲೆಕ್ಕಕ್ಕೆ ಹಚ್ಚಿ ಬಳಕೆಗೆ ತಂದವರಲ್ಲಿ ಕಟರೀನಾ ಯುಸೇಲಿಯಸ್ ಮುಖ್ಯರು. ಫಿನ್ಲೆಂಡಿನಲ್ಲಿ ಹುಟ್ಟಿ ಕೋಪನ್‌ಹೇಗನ್ನಿನಲ್ಲಿ ಪ್ರೊಫೆಸರ್ ಆದ ಹೆಣ್ಣುಮಗಳು. 1990ರಲ್ಲಿ ಇಬ್ಬರೂ ಸೇರಿ ಡೆನ್ಮಾರ್ಕ್ ಮತ್ತು ಫಿನ್ಲೆಂಡಿನ ಜನ ಎಷ್ಟು ಹಣ ಕೈಯಲ್ಲಿಟ್ಟುಕೊಳ್ಳಲು ಬಯಸುತ್ತಾರೆ ಎಂಬುದರ ಮೇಲೆ ಬರೆದ ಲೇಖನವನ್ನು ಇವತ್ತಿಗೂ ವಿದ್ಯಾರ್ಥಿಗಳು ಓದುತ್ತಾರೆ. ನನ್ನ ಅಕ್ಕನ ಮಗಳು ಆಕೆಯ ಹೆಸರನ್ನು ಪೆನ್ಸಿಲ್ಲಿನಲ್ಲಿ ಎರಡು ಸಲ ಅಡಿಗೆರೆ ಎಳೆದು ಇಟ್ಟಿದ್ದಳು.

ಎಂಗಲ್ ಮತ್ತು ಗ್ರೇಂಜರ್ 1987ರ ಲೇಖನದಲ್ಲಿ ಅಮೆರಿಕದ ಲೆಕ್ಕಗಳನ್ನೇ ಪರೀಕ್ಷೆಗೆ ಹಚ್ಚಿದ್ದರು. ಜನರ ಆದಾಯ ಮತ್ತು ಖರ್ಚು ಜೊತೆಯಾಗಿ ನಡೆಯುತ್ತವೆ ಎಂದು ಕಂಡಿತು. ಇದು ನಮಗೆ ಯಾರೂ ಹೇಳಿಕೊಡಬೇಕಾದದ್ದಲ್ಲ. ಒಂದು ತಿಂಗಳು ಕೈ ಮೀರಿ ಖರ್ಚಾದರೆ ಮುಂದಿನ ತಿಂಗಳು ಬೇಳೆ ತೆಳ್ಳಗಾಗುತ್ತದೆ, ಅದೇ ತಿದ್ದುಪಡಿ. ಸಣ್ಣ ಅವಧಿಯ ಬಡ್ಡಿ ಮತ್ತು ದೀರ್ಘ ಅವಧಿಯ ಬಡ್ಡಿಯೂ ಜೊತೆಯವೇ. ಆದರೆ ಕೂಲಿ ಮತ್ತು ಬೆಲೆ? ಅವೆರಡೂ ಜೊತೆನಡಿಗೆಯವು ಎಂದು ಅವರ ಪರೀಕ್ಷೆ ಹೇಳಲಿಲ್ಲ. ಅಕ್ಕನ ಮಗಳು ಈ ಸಾಲನ್ನು ಓದಿ ಹೇಳಿದಾಗ ನಾನು ಕನ್ನಡಕ ತೆಗೆದು ಕೆಳಗಿಟ್ಟೆ. ಅಷ್ಟು ದೊಡ್ಡ ದೇಶದಲ್ಲಿ, ಅಷ್ಟು ವರ್ಷದ ಲೆಕ್ಕದಲ್ಲಿ, ದುಡಿಯುವವರ ಕೂಲಿಗೂ ಅವರು ಕೊಳ್ಳುವ ಸಾಮಾನಿನ ಬೆಲೆಗೂ ನಡುವೆ ಹಗ್ಗ ಕಾಣಲಿಲ್ಲ. ಕೂಲಿ ಹಿಂದೆ ಬಿತ್ತು ಎಂದೇ ಇದರ ಅರ್ಥವಲ್ಲ, ಮುಂದೆಯೂ ಹೋಗಿರಬಹುದು, ಉತ್ಪಾದನೆ ಹೆಚ್ಚಿದಂತೆ ಕೂಲಿಯೂ ಹೆಚ್ಚುತ್ತದೆ ಎಂದು ಅವಳು ಸಮಾಧಾನ ಹೇಳಿದಳು. ಇರಬಹುದು. ಆದರೆ ತಾನಾಗಿ ತಿದ್ದಿಕೊಳ್ಳುವ ಏರ್ಪಾಡು ಇತ್ತೆಂದು ಹೇಳುವಂತಿಲ್ಲ ಎಂಬುದಂತೂ ಸರಿಯಲ್ಲವೇ?

ನಮ್ಮ ಸರ್ಕಾರಿ ನೌಕರರಿಗೆ ಆ ಹಗ್ಗ ಉಂಟು. ಅದರ ಹೆಸರು ತುಟ್ಟಿಭತ್ಯೆ, ಬಾಯಲ್ಲಿ ಡಿ.ಎ. ಕೇಂದ್ರ ಸರ್ಕಾರದ ಕಾರ್ಮಿಕ ಬ್ಯೂರೋ ಪ್ರತಿ ತಿಂಗಳು ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ಪ್ರಕಟಿಸುತ್ತದೆ. ಅದನ್ನು ನೋಡಿಕೊಂಡು ಕೇಂದ್ರ ಸರ್ಕಾರ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಗೆ ಲೆಕ್ಕ ಹಿಡಿದು ಭತ್ಯೆ ತಿದ್ದುತ್ತದೆ, ರಾಜ್ಯಗಳು ತಮ್ಮ ಶಕ್ತ್ಯಾನುಸಾರ ಹಿಂಬಾಲಿಸುತ್ತವೆ. ಎಷ್ಟು ಅಂತರ ಬಿತ್ತು, ಅಷ್ಟನ್ನು ತುಂಬಬೇಕು ಎಂಬ ಸಾರ್ಗನ್‌ರ ವಿಚಾರವೇ ಇದು, ಸರ್ಕಾರಿ ಆದೇಶದ ರೂಪದಲ್ಲಿ. 2020ರಲ್ಲಿ ಕೊರೋನಾ ಬಂದಾಗ ಕೇಂದ್ರ ಸರ್ಕಾರ ಮೂರು ಕಂತುಗಳನ್ನು ತಡೆಹಿಡಿಯಿತು. 2021ರ ಜುಲೈನಿಂದ ಶೇಕಡಾ 17ರಿಂದ ಒಮ್ಮೆಲೇ 28ಕ್ಕೆ ಏರಿಸಿತು. ಸಡಿಲಾದ ಹಗ್ಗ ಮತ್ತೆ ಬಿಗಿಯಾಯಿತು, ನಡುವಿನ ಒಂದೂವರೆ ವರ್ಷದ ಬಾಕಿ ಮಾತ್ರ ಕೈಗೆ ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಆಗ ನಾವು ಗೊಣಗಿದ್ದೇ ಗೊಣಗಿದ್ದು. ಅದೇ ಊರಿನ ಖಾಸಗಿ ಶಾಲೆಯೊಂದರಲ್ಲಿ ನನ್ನಷ್ಟೇ ಓದಿದ, ನನಗಿಂತ ಚೆನ್ನಾಗಿ ಪಾಠ ಮಾಡುವ ಗೆಳತಿಗೆ ಗೊಣಗಲು ಡಿ.ಎ. ಎಂಬುದೇ ಇರಲಿಲ್ಲ.

ಆ ಸೂಚ್ಯಂಕದ ಇತಿಹಾಸವನ್ನು ಒಂದು ಕಾಗದದ ಮೇಲೆ ಬರೆದು ನೋಡಿ. 1960ಕ್ಕೆ 100 ಎಂದು ಹಿಡಿದರು. 1982ರಲ್ಲಿ ಹೊಸ 100 ಹಿಡಿಯುವಾಗ ಹಳೆಯದಕ್ಕೆ ಗುಣಿಸಬೇಕಾದ ಸಂಖ್ಯೆ 4.93. 2001ರಲ್ಲಿ ಮತ್ತೆ ಹೊಸದು, ಗುಣಕ 4.63. 2016ರಲ್ಲಿ ಮತ್ತೊಮ್ಮೆ, 2.88. ಗುಣಿಸಿದರೆ 1960ರಲ್ಲಿ 100 ರೂಪಾಯಿಗೆ ತಂದ ಸಾಮಾನಿಗೆ 2001ರಲ್ಲಿ ಸುಮಾರು 2,280 ರೂಪಾಯಿ, 2016ರಲ್ಲಿ ಸುಮಾರು 6,570 ರೂಪಾಯಿ ಬೇಕಾಯಿತು ಎಂದು ಬರುತ್ತದೆ. ಇದರ ಪಕ್ಕದಲ್ಲಿ ನಮ್ಮ ಕೈಗೆ ಬರುವ ಯಾವುದೇ ಹಣದ ಗೆರೆಯನ್ನು ಎಳೆದು ನೋಡಬಹುದು.

ನನ್ನ ಚಿಕ್ಕಮ್ಮನ ಗೆರೆ ಎಳೆಯುತ್ತೇನೆ. ಆಕೆಯನ್ನು ಗಂಡ ಬಿಟ್ಟಿದ್ದ. ಎರಡು ಮಕ್ಕಳೊಂದಿಗೆ ಅಜ್ಜನ ಮನೆಗೆ ಬಂದು, ಊರವರ ಮಾತು ಕೇಳಿ, ವಕೀಲರ ಮನೆ ಮೆಟ್ಟಿಲು ಹತ್ತಿ, ಕೊನೆಗೆ 1982ರಲ್ಲಿ ಕೋರ್ಟಿನಿಂದ ತಿಂಗಳಿಗೆ 150 ರೂಪಾಯಿ ಜೀವನಾಂಶ ಎಂದು ಆದೇಶವಾಯಿತು. ಆಗ ಅದು ತೀರಾ ಕಡಿಮೆಯೇನಲ್ಲ, ಅಕ್ಕಿ ಬೇಳೆ ಮಕ್ಕಳ ಬಟ್ಟೆಗೆ ಸಾಲುತ್ತಿತ್ತು ಎಂದು ಅಮ್ಮ ಹೇಳುತ್ತಿದ್ದರು. ಮನಿಯಾರ್ಡರ್ ಬರುತ್ತಿತ್ತು. ಬರುವಾಗ ಬರುತ್ತಿತ್ತು ಎನ್ನಬೇಕು, ಆ ವಿಷಯ ಬೇರೆ. ನಾನು ಟೀಚರಾಗಿ ಸೇರಿ, ಮೊದಲ ಡಿ.ಎ. ಏರಿಕೆಯ ಬಾಕಿಯಲ್ಲಿ ಆಕೆಗೊಂದು ಸೀರೆ ತಂದ ವರ್ಷವೂ ಅದೇ 150. 2001ರಲ್ಲೂ ಅದೇ 150. ಗುಣಕವನ್ನು ಹಚ್ಚಿದರೆ 1982ರ 150 ರೂಪಾಯಿಗೆ 2001ರಲ್ಲಿ ಸಮನಾಗಲು 695 ರೂಪಾಯಿ ಬೇಕಿತ್ತು.

ಹೆಚ್ಚಿಸಿ ಎಂದು ಕೇಳಲು ಕಾನೂನಿನಲ್ಲಿ ಅವಕಾಶ ಇರಲಿಲ್ಲವೇ? ಇತ್ತು. ಸಂದರ್ಭ ಬದಲಾಗಿದೆ ಎಂದು ಅರ್ಜಿ ಹಾಕಬಹುದಿತ್ತು. ಅಂದರೆ ಮತ್ತೆ ವಕೀಲರು, ಮತ್ತೆ ಬಸ್ ಚಾರ್ಜು, ಮತ್ತೆ ಅದೇ ಮನುಷ್ಯನ ಎದುರು ನಿಲ್ಲುವುದು. ಚಿಕ್ಕಮ್ಮ ಒಲ್ಲೆ ಎಂದಳು. ಹಾಕಿದ್ದರೂ ಎಷ್ಟು ಸಿಗುತ್ತಿತ್ತು ಎಂದು ಈಚೆಗೆ ನೋಡಿದೆ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಪ್ರಕಾರ ಮಾಸಿಕ ಜೀವನಾಂಶ 500 ರೂಪಾಯಿ ಮೀರುವಂತಿರಲಿಲ್ಲ. ಆ 500ರ ಮಿತಿಯನ್ನು ಹಾಕಿದ್ದು 1955ರಲ್ಲಿ, ಹಳೆಯ ಸಂಹಿತೆಯ ಕಾಲದಲ್ಲಿ. 1973ರಲ್ಲಿ ಹೊಸ ಸಂಹಿತೆ ಬರೆದಾಗಲೂ ಅದನ್ನೇ ಉಳಿಸಿಕೊಂಡರು. ಅಂದರೆ 1982ರ 150 ರೂಪಾಯಿಯ ಬೆಲೆಯನ್ನು ಕಾಯ್ದುಕೊಡಬೇಕೆಂದು ನ್ಯಾಯಾಧೀಶರೇ ಮನಸ್ಸು ಮಾಡಿದ್ದರೂ 2001ರಲ್ಲಿ ಆ ಕಲಮಿನಡಿ ಸಾಧ್ಯವಾಗುತ್ತಿರಲಿಲ್ಲ. 695 ಎಲ್ಲಿ, 500 ಎಲ್ಲಿ? ಅದೇ ನಲವತ್ತಾರು ವರ್ಷಗಳಲ್ಲಿ ಸರ್ಕಾರಿ ನೌಕರರ ಸಂಬಳಕ್ಕೆ ಎಷ್ಟು ವೇತನ ಆಯೋಗಗಳು ಬಂದುಹೋದವು! ಇಲ್ಲಿ ಹಸು ಗುಡ್ಡ ದಾಟಿ ಹೋಗಿತ್ತು, ಕರುವನ್ನು ಗೂಟಕ್ಕೆ ಕಟ್ಟಿಹಾಕಿದ್ದರು.

ಹಗ್ಗ ಇದ್ದದ್ದು ಕಡಿದುಹೋಗುವುದೂ ಉಂಟು. ಡಾಲರ್ ಮತ್ತು ಚಿನ್ನವನ್ನು ಔನ್ಸಿಗೆ 35 ಡಾಲರ್ ಎಂದು ಕಟ್ಟಿಟ್ಟಿದ್ದರು. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಅದನ್ನು ಬಿಚ್ಚಿದರು, ಆಮೇಲೆ ಚಿನ್ನ ಹಿಡಿದ ದಾರಿ ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಮನೆಗಳಿಗೆಲ್ಲ ಗೊತ್ತು. ಅಡಿಕೆಯ ವಿಷಯದಲ್ಲಿ ಹಗ್ಗ ಎಂದರೆ ಲಾರಿ ಮತ್ತು ಫೋನು. ಒಂದು ಪೇಟೆಯಲ್ಲಿ ಧಾರಣೆ ಏರಿದರೆ ಇನ್ನೊಂದು ಪೇಟೆಯ ಮಾಲು ಆ ಕಡೆ ಹೊರಡುತ್ತದೆ, ಅಂತರ ಮುಚ್ಚುತ್ತದೆ. ಕೇಳಲು ಸಾಮಾನ್ಯ ಸಂಗತಿ. ಆದರೆ ಅಕ್ಕಿಯ ವಿಷಯದಲ್ಲಿ ಇದು ಜೀವದ ಪ್ರಶ್ನೆ. 1974ರ ಬಾಂಗ್ಲಾದೇಶದ ಬರಗಾಲದ ಕಾಲದ ಅಕ್ಕಿ ಪೇಟೆಗಳನ್ನು ಮಾರ್ಟಿನ್ ರಾವಾಲಿಯನ್ 1980ರ ದಶಕದಲ್ಲಿ ಅಭ್ಯಾಸ ಮಾಡಿದ್ದು ಇದಕ್ಕಾಗಿಯೇ. ಒಂದು ಊರಿನಲ್ಲಿ ಅಕ್ಕಿ ದುಬಾರಿಯಾದಾಗ ಇನ್ನೊಂದು ಊರಿನ ಅಕ್ಕಿ ಎಷ್ಟು ಬೇಗ ಅಲ್ಲಿಗೆ ತಲುಪುತ್ತದೆ ಎಂಬುದರ ಮೇಲೆ ಜನ ಉಳಿಯುವುದು, ಸಾಯುವುದು ನಿಂತಿರುತ್ತದೆ. ದೀರ್ಘಕಾಲದಲ್ಲಿ ಎಲ್ಲ ಸರಿಹೋಗುತ್ತದೆ ಎನ್ನುವ ಪರೀಕ್ಷೆಯ ಫಲಿತಾಂಶ ಹಸಿದವರಿಗೆ ಸಾಲದು. ಆದ್ದರಿಂದಲೇ ಎಷ್ಟು ಬೇಗ ಎಂಬ ಪ್ರಶ್ನೆ ದೊಡ್ಡದು ಎಂದೆ.

500ರ ಮಿತಿಯನ್ನು ಸಂಸತ್ತು 2001ರಲ್ಲಿ ತೆಗೆದುಹಾಕಿತು. ಆ ಸುದ್ದಿಯನ್ನು ಚಿಕ್ಕಮ್ಮನಿಗೆ ಪತ್ರಿಕೆಯಿಂದ ಓದಿ ಹೇಳಿದವಳು ನಾನೇ. ಆಗ ಆಕೆಯ ಮಗ ಕೆಲಸಕ್ಕೆ ಸೇರಿಯಾಗಿತ್ತು. "ಹೌದಾ" ಎಂದು ಹೇಳಿ ಒಳಗೆ ಹಾಲು ಉಕ್ಕುತ್ತದೆಂದು ಎದ್ದುಹೋದಳು. ಮಿತಿ ಹೋಯಿತು, ಆದರೆ ಆದೇಶದಲ್ಲಿ ಬರೆಯುವುದು ಸಾಮಾನ್ಯವಾಗಿ ಇವತ್ತಿಗೂ ಒಂದು ಅಂಕಿ. ಅದು ಬೆಲೆಯೊಂದಿಗೆ ತಾನಾಗಿ ಏಳುವುದಿಲ್ಲ, ಏಳಿಸಲು ಮತ್ತೆ ಕೋರ್ಟಿಗೇ ಹೋಗಬೇಕು. ಈಚೆಗೆ ಕೆಲವು ಆದೇಶಗಳಲ್ಲಿ ಹಗ್ಗ ಕಟ್ಟುವ ಪ್ರಯತ್ನ ಕಾಣುತ್ತಿದೆ. 2025ರ ಮೇ ತಿಂಗಳಲ್ಲಿ ವಿಚ್ಛೇದನದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೆಂಡತಿಗೆ ತಿಂಗಳಿಗೆ 50,000 ರೂಪಾಯಿ ಎಂದು ನಿಗದಿ ಮಾಡಿ, ಎರಡು ವರ್ಷಕ್ಕೊಮ್ಮೆ ಅದು ಶೇಕಡಾ 5ರಷ್ಟು ಹೆಚ್ಚಬೇಕು ಎಂದೂ ಸೇರಿಸಿತು. ಮೊತ್ತ ದೊಡ್ಡದು, ನಮ್ಮ ಚಿಕ್ಕಮ್ಮನ ಲೋಕದ್ದಲ್ಲ. ನನಗೆ ಖುಷಿ ಕೊಟ್ಟದ್ದು ಎರಡನೆಯ ಭಾಗ. ಅಕ್ಕನ ಮಗಳಿಗೆ ಫೋನ್ ಮಾಡಿ ಹೇಳಿದೆ. ಅವಳು ಅಲ್ಲೇ ಲೆಕ್ಕ ಹಾಕಿದಳು. ಹತ್ತು ವರ್ಷದಲ್ಲಿ ಐದು ಏರಿಕೆ, 50,000 ಎಂಬುದು ಸುಮಾರು 63,800 ಆಗುತ್ತದೆ. ಬೆಲೆಗಳು ವರ್ಷಕ್ಕೆ ಶೇಕಡಾ 5ರಂತೆ ಏರಿದರೆ ಅದೇ ಹತ್ತು ವರ್ಷದಲ್ಲಿ ಬೇಕಾಗುವುದು 81,400. "ಸೂಚ್ಯಂಕಕ್ಕೇ ಕಟ್ಟಬೇಕಿತ್ತು ಚಿಕ್ಕಮ್ಮಾ, ನಿನ್ನ ಡಿ.ಎ. ಕಟ್ಟಿದ್ದಾರಲ್ಲ, ಹಾಗೆ" ಎಂದಳು.